ನೆರಿಗೆಗೆ ಬಟ್ಟೆ ಧಾರಾಳವಾಗಿರಲಿ

ಸಾಸಲು,
ದೊಡ್ಡಬಳ್ಳಾಪುರ ತಾಲ್ಲೂಕು

ಚಿ. ಮೊಮ್ಮಗಳಿಗೆ,

ಅಕ್ಕನ ಮಗುವಿಗೆ ಎದೆಗೆ ನೆರಿಗೆ ಹಿಡಿದ ಸ್ಮಾಕಿಂಗ್ ಫ್ರಾಕು ಹೊಲೀತೀನಿ ಅಂತ ಬರೆದಿದ್ದೀಯ. ಓದಿ ಮನಸ್ಸು ತುಂಬಿ ಬಂತು, ಪುಟ್ಟಿ. ಬಾಬಿನ್ನಿಗೆ ಎಲಾಸ್ಟಿಕ್ ದಾರ ಸುತ್ತಿ ಮಿಷನ್‌ನಲ್ಲೇ ಸಾಲು ಹೊಡೆದರೆ ಸಾಲದಾ ಅಂತ ಕೇಳಿದ್ದೀಯಲ್ಲ, ನಿನ್ನ ಕುರ್ತಾಕ್ಕಾದರೆ ಸಾಕು. ಮಗುವಿನದನ್ನು ಮಾತ್ರ ಕೈಯಲ್ಲೇ ಹೊಲಿ. ರಬ್ಬರು ಒಗೆದೂ ಒಗೆದೂ ಸಡಿಲವಾಗುತ್ತದೆ. ಕೈಹೊಲಿಗೆಯಲ್ಲಿ ಹಿಗ್ಗುವುದು ಬಟ್ಟೆಯ ನೆರಿಗೆಯೇ. ಎಲಾಸ್ಟಿಕ್ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನ ಹೊಲದಾಳುಗಳು ಎದೆಗೂ ತೋಳಿಗೂ ಹೀಗೆ ನೆರಿಗೆ ಹಿಡಿದ ಅಂಗಿ ತೊಟ್ಟು ದುಡಿಯುತ್ತಿದ್ದರು. ಬಗ್ಗಿದರೂ ಕೈ ಚಾಚಿದರೂ ಅದು ಹಿಡಿಯುತ್ತಿರಲಿಲ್ಲ. ತೆವಳುವ ಮಗುವಿಗೂ ಬೇಕಾದ್ದು ಅದೇ.

ಮೊದಲ ಮಾತು, ಬಟ್ಟೆಗೆ ಜಿಪುಣತನ ಬೇಡ. 10 ಇಂಚಿನ ಎದೆಭಾಗಕ್ಕೆ 30 ಇಂಚು ಬಟ್ಟೆ ತಗೊ. ದೊಡ್ಡಬಳ್ಳಾಪುರದ ಮಗ್ಗದ ರೇಷ್ಮೆ ಎಷ್ಟೇ ಆಸೆ ಹುಟ್ಟಿಸಿದರೂ ಕಲಿಯುವಾಗ ಬೇಡ. ಬಿಚ್ಚಿ ಹೊಲಿದರೆ ಸೂಜಿಯ ತೂತು ಅದರಲ್ಲಿ ಉಳಿದುಬಿಡುತ್ತದೆ. ತೆಳು ಹತ್ತಿ ಬಟ್ಟೆ ತಂದು, ಒಗೆದು, ಕುಗ್ಗುವುದನ್ನು ಮೊದಲೇ ಕುಗ್ಗಿಸಿಕೊ.

ಹಿಂಬದಿಯಲ್ಲಿ ಕಾಲು ಇಂಚಿಗೊಂದು ಚುಕ್ಕಿ ಇಡು. ಸಾಲಿಗೂ ಸಾಲಿಗೂ ಅರ್ಧ ಇಂಚು ಅಂತರವಿರಲಿ. ಚೌಕಳಿ ಬಟ್ಟೆಯಾದರೆ ಗೆರೆಗಳೇ ಲೆಕ್ಕ ಕೊಡುತ್ತವೆ. ಸಾಲಿಗೊಂದು ಗಟ್ಟಿ ದಾರ ತಗೊಂಡು, ಚುಕ್ಕಿ ಚುಕ್ಕಿಯಲ್ಲೂ ಬಟ್ಟೆಯನ್ನು ಚೂರೇ ಎತ್ತಿ ಕಚ್ಚಾ ಹೊಲಿಗೆ ಹಾಕು. ಒಂದು ತುದಿಗೆ ಮಾತ್ರ ಗಂಟು. ಆಮೇಲೆ ಎಲ್ಲ ದಾರಗಳನ್ನೂ ಒಟ್ಟಿಗೆ ಎಳೆ, ನೆರಿಗೆಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಚುಕ್ಕಿ ತಪ್ಪಿದ್ದರೆ ಇಲ್ಲೇ ಬಿಚ್ಚಿ ಸರಿಮಾಡು. ಮುಂದೆ ಎಂಥ ಕಸೂತಿ ಹಾಕಿದರೂ ಸೊಟ್ಟ ನೆರಿಗೆ ನೆಟ್ಟಗಾಗದು.

ಮುಂಬದಿಯಲ್ಲಿ ಜೇನುಗೂಡಿನ ಹೊಲಿಗೆ ಹಾಕು. ಮೇಲಿನ ಸಾಲಿನಲ್ಲಿ ಒಂದನೇ ಎರಡನೇ ನೆರಿಗೆ ಸೇರಿಸಿ, ಎರಡನೆಯದರೊಳಗಿಂದಲೇ ಸೂಜಿ ಇಳಿಸಿ, ಕೆಳಸಾಲಿನಲ್ಲಿ ಎರಡು ಮೂರನ್ನು ಸೇರಿಸು. ಮತ್ತೆ ಮೂರನೆಯದರೊಳಗಿಂದ ಮೇಲೆ ಹೋಗಿ ಮೂರು ನಾಲ್ಕು. ದಾರವನ್ನು ಬಿಗಿದು ಎಳೆದೆಯೋ ಹಿಗ್ಗು ಸತ್ತುಹೋಗುತ್ತದೆ. ಕೊನೆಗೆ ಕಚ್ಚಾ ದಾರ ತೆಗೆದು ಹಬೆ ಹಿಡಿ. ಇಸ್ತ್ರಿ ಪೆಟ್ಟಿಗೆ ತಾಗಿಸಬೇಡ, ಎದ್ದ ನೆರಿಗೆ ಚಪ್ಪಟೆಯಾದೀತು.

ಫ್ರಾಕಿನ ಕೆಳಗಡೆ ಮೂರು ಇಂಚು ಮಡಿಕೆ ಬಿಡು ಕಂದಾ. ಎದೆ ತಾನಾಗಿ ಹಿಗ್ಗುತ್ತದೆ, ಉದ್ದವನ್ನು ಅವರಮ್ಮ ಇಳಿಸಿಕೊಳ್ಳಲಿ. ಬರುವ ವರ್ಷವೂ ಮಗು ಅದನ್ನೇ ತೊಡಲಿ.

ಇಂತಿ ನಿನ್ನ ಪ್ರೀತಿಯ
ಅಜ್ಜಿ