ಅಟ್ಟದಲ್ಲಿ ಸಿಕ್ಕ ಪಿಸ್ತೂಲಿನ ವಯಸ್ಸು, ಬೆಲೆ

ಅರಸೀಕೆರೆಯಿಂದ ಸಕಲೇಶಪುರದವರೆಗೆ ಯಾವ ಹಳೇ ತೊಟ್ಟಿಮನೆಯ ಅಟ್ಟದಲ್ಲಿ ಪಿಸ್ತೂಲು ಸಿಕ್ಕಿದರೂ ಜನ ಹೇಳುವ ಮಾತು ಒಂದೇ: ಇದು ಟಿಪ್ಪು ಕಾಲದ್ದು. ಬೇಲೂರು–ಹಳೇಬೀಡಿನ ನಡುವೆ ಇರುವ ನನ್ನ ಹೆಂಡತಿಯ ತವರಿನಲ್ಲೂ ಹಾಗೇ ಹೇಳಿಕೊಂಡು ಬಂದಿದ್ದರು. ಪಾಲು ಹಂಚಿಕೆಗೆಂದು ಅಟ್ಟ ಖಾಲಿ ಮಾಡಿದಾಗ ಅದು ಕೆಳಗಿಳಿಯಿತು. ಲಕ್ಷಗಟ್ಟಲೆ ಬರುತ್ತದೆ ಎಂದರು ಒಬ್ಬರು, ಗುಜರಿಗೆ ಹಾಕಿ ಎಂದರು ಇನ್ನೊಬ್ಬರು. ನಾನು ಅರಸೀಕೆರೆಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿದವನು. ಅರ, ಸ್ಕ್ರೂ, ಥ್ರೆಡ್ಡು ಗೊತ್ತಿರುವವನು ನೋಡಲಿ ಎಂದು ನನ್ನನ್ನು ಕರೆದರು.

ಬಾಯಿಯಿಂದ ಮದ್ದು ತುಂಬುವ ಆಯುಧ ಖಾಲಿಯಿದೆಯೋ ಇಲ್ಲವೋ ಎಂದು ಬರಿಗಣ್ಣಿಗೆ ತಿಳಿಯದು. ಅದಕ್ಕೇ ಮೊದಲು ಠಾಣೆಗೆ ತಿಳಿಸಿ, ಪರವಾನಗಿ ಇರುವ ಬಂದೂಕು ವ್ಯಾಪಾರಿಯೊಬ್ಬರ ಕೈಗೆ ಕೊಡಿಸಿದೆ. ಅವರು ತೆಳು ಮರದ ಕಡ್ಡಿಯೊಂದನ್ನು ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದರು. ಕಡ್ಡಿ ಕಿಡಿ ಹೋಗುವ ತೂತಿನವರೆಗೂ ಬಂದರೆ ಖಾಲಿ. ಎರಡು ಬೆರಳು ಮುಂಚೆಯೇ ನಿಂತರೆ ಒಳಗೆ ಗುಂಡು ಕೂತಿದೆ ಎಂದು ಅರ್ಥ. ಕರಿಮದ್ದು ಒಣಗಿದ್ದರೆ ತಲೆಮಾರುಗಳು ಕಳೆದರೂ ಹೊತ್ತಿಕೊಳ್ಳುತ್ತದೆ. ನಮ್ಮದು ಖಾಲಿಯಿತ್ತು.

ಆಮೇಲೆ ಬಿಚ್ಚಿ ನೋಡುವ ಕೆಲಸ. ಇಡೀ ಪಿಸ್ತೂಲಿಗೆ ಒಂದು ವಯಸ್ಸು ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಪ್ರತಿ ಭಾಗವನ್ನೂ ಅದರ ಪಾಡಿಗೆ ಓದಬೇಕು.

ಮದ್ದಿಗೆ ಕಿಡಿ ಕೊಡುವ ಯಂತ್ರವಾದ ಲಾಕಿನ ತಗಡಿನ ಮೇಲೆ ಹಿಂಗಾಲಲ್ಲಿ ನಿಂತು ಕಿರೀಟ ಹಿಡಿದ ಸಿಂಹವಿತ್ತು. ಅದು ಈಸ್ಟ್ ಇಂಡಿಯಾ ಕಂಪನಿಯ ಗುರುತು. ಕಂಪನಿ ತನ್ನ ಬಂದೂಕುಗಳಿಗೆ ಈ ಸಿಂಹ ಒತ್ತತೊಡಗಿದ್ದು 1808ರ ಸುಮಾರಿಗೆ, ಅದಕ್ಕೆ ಮುಂಚೆ ಹೃದಯದಾಕಾರದ ಮುದ್ರೆ ಇತ್ತು. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರಲ್ಲಿ. ಮನೆಯವರು ಕಾಪಾಡಿಕೊಂಡು ಬಂದ ಕಥೆ ಅಲ್ಲಿಗೆ ಮುಗಿಯಿತು.

ಅದೇ ತಗಡಿನಲ್ಲಿ ಮುಚ್ಚಿದ ಹಳೇ ಸ್ಕ್ರೂ ತೂತುಗಳು ಕಂಡವು. ಹಿಂದೆ ಅಲ್ಲಿ ಚಕಮಕಿಯ ಉಕ್ಕಿನ ಮುಚ್ಚಳ, ಅದರ ಸ್ಪ್ರಿಂಗು, ಮದ್ದಿನ ಬಟ್ಟಲು ಇದ್ದವು. 1840ರ ಆಸುಪಾಸಿನಲ್ಲಿ ಬ್ರಿಟಿಷ್ ಸೈನ್ಯ ಚಕಮಕಿ ಬಿಟ್ಟು ಬಡಿದರೆ ಹೊತ್ತುವ ಕೇಪಿಗೆ ಬದಲಾದಾಗ ಇಂಥ ಸಾವಿರಾರು ಲಾಕುಗಳನ್ನು ತಿದ್ದಿ ಬಳಸಿದರು; ಬಡಿಯುವ ಕುದುರೆಯನ್ನೂ ಬದಲಿಸಿದರು. ಈ ತಿದ್ದುಪಡಿಯನ್ನು ನಾನು ಕುಂದು ಎಂದು ಎಣಿಸುವುದಿಲ್ಲ. ಅದು ಆ ಕಾಲದ್ದೇ ಕೆಲಸ.

ನಳಿಗೆ ಬೇರೆ ಪಿಸ್ತೂಲಿನದು. ಅಡಿಯಲ್ಲಿ ಕಿರೀಟ, ಅದರ ಕೆಳಗೆ ಅಡ್ಡಹಾಕಿದ ಎರಡು ರಾಜದಂಡಗಳು: ಬರ್ಮಿಂಗ್‌ಹ್ಯಾಮ್ ಪರೀಕ್ಷಾಶಾಲೆಯ ಮುದ್ರೆ. ಆ ಶಾಲೆ ಹುಟ್ಟಿದ್ದೇ 1813ರಲ್ಲಿ. ಬಾಯಿಯ ಹತ್ತಿರ, ಮದ್ದು ಜಡಿಯುವ ಗಜವನ್ನು ಕೊಂಡಿಗೆ ಸಿಕ್ಕಿಸುವ ಕಿವಿ ಉಳಿದಿತ್ತು, ಕೊಂಡಿ ಇರಲಿಲ್ಲ. ಓಡುವ ಕುದುರೆಯ ಮೇಲೆ ಗಜ ಕೈಜಾರಿ ಬೀಳದಿರಲೆಂದು ಸವಾರರ ಪಿಸ್ತೂಲಿಗೆ ಮಾಡಿದ ಏರ್ಪಾಡು ಅದು. ಬಿಡಿಭಾಗ ಬೆರೆತಿದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಒಳಬದಿಯಲ್ಲಿ. ಕೈಯಿಂದ ಹೊಂದಿಸಿದ ಬಂದೂಕಿನ ಎಲ್ಲ ಭಾಗಕ್ಕೂ ಕೆಲಸಗಾರ ಒಂದೇ ಗುರುತು ಕೊರೆಯುತ್ತಿದ್ದ. ಇಲ್ಲಿ ಲಾಕಿನ ಒಳಗೆ ರೋಮನ್ ಏಳು, ನಳಿಗೆಯ ಅಡಿಗೆ ಹನ್ನೆರಡು.

ಹಿಡಿ ಇಂಗ್ಲಿಷ್ ಆಕ್ರೋಟ ಮರದ್ದಲ್ಲ, ನಮ್ಮ ಬೀಟೆ. ಲಾಕಿನ ಸುತ್ತ ಬಿಟ್ಟ ಸಂದಿಗೆ ಅರಗು ತುಂಬಿದ್ದರು. ಸ್ಕ್ರೂಗಳಲ್ಲಿ ಎರಡು ಕೈಯಿಂದ ಥ್ರೆಡ್ ಕೊರೆದವು, ಪಕ್ಕದ ತೂತಿಗೆ ಹಾಕಿದರೆ ಹಿಡಿಯವು. ಮೂರನೆಯದು ಸಮವಾದ ಯಂತ್ರದ ಥ್ರೆಡ್ಡಿನದು. ಇಂಗ್ಲಿಷ್ ಎಂಜಿನಿಯರ್ ವಿಟ್‌ವರ್ತ್ ಸ್ಕ್ರೂಗೊಂದು ಅಳತೆ ಗೊತ್ತುಮಾಡಿದ್ದು 1841ರಲ್ಲಿ. ಇದು ಅದಕ್ಕಿಂತ ಬಹಳ ಈಚಿನದು, ಸೈಕಲ್ ಅಂಗಡಿಯಲ್ಲಿ ಸಿಗುವಂಥದ್ದು.

ಇದು ನಮ್ಮೂರಿಗೆ ಹೇಗೆ ಬಂತು? ಇದೇ ಸೀಮೆಯ ಬಲಂ ಪಾಳೆಯಗಾರನ ಮೇಲೆ ಆರ್ಥರ್ ವೆಲ್ಲೆಸ್ಲಿ ಸೈನ್ಯ ತಂದದ್ದು 1802ರಲ್ಲಿ, ಅಂದರೆ ಈ ಲಾಕಿಗಿಂತ ಮುಂಚೆ. 1856ರಲ್ಲಿ ಸಕಲೇಶಪುರ ಕಡೆಯ ಮಂಜರಾಬಾದಿಗೆ ಬಂದ ಆರ್. ಎಚ್. ಎಲಿಯಟ್‌ನಂಥ ಕಾಫಿ ದೊರೆಗಳ ಕಾಲ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ತೋಟದ ಬಂಗಲೆಯಿಂದ ಕೆಟ್ಟುಹೋದ ಎರಡು ಪಿಸ್ತೂಲು ಹೊರಬಿದ್ದು, ಇಲ್ಲಿನ ಕಮ್ಮಾರ, ಬಡಗಿ ಸೇರಿ ಒಂದು ಮಾಡಿರಬೇಕು. ಇದು ನನ್ನ ಊಹೆ, ಆದರೆ ಬೀಟೆ ಮರ ಆ ಕಡೆಗೇ ಬೆರಳು ತೋರಿಸುತ್ತದೆ.

ಇನ್ನು ಬೆಲೆ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಆಯುಧಗಳು ಒಟ್ಟು 60 ಲಕ್ಷ ಪೌಂಡಿಗೂ ಮೇಲೆ ಹೋದವು. ಆ ಸುದ್ದಿ ಓದಿದವರೇ ನಮ್ಮಲ್ಲಿ ಲಕ್ಷದ ಲೆಕ್ಕ ಹಾಕುವುದು. ಟಿಪ್ಪುವಿನ ಕಾರ್ಖಾನೆಯ ಮೇಲ್ದರ್ಜೆಯ ಬಂದೂಕಿನಲ್ಲಿ ಹುಲಿಪಟ್ಟೆಯ ಕೆತ್ತನೆ, ಹುಲಿಮುಖ, ಅವನದೇ ಮೌಲೂದಿ ಶಕೆಯ ವರ್ಷ ಇರುತ್ತವೆ. ಅಂಥದ್ದೇನೂ ಇಲ್ಲದ ಬೆರಕೆ ಪಿಸ್ತೂಲಿಗೆ ಸಂಗ್ರಾಹಕರು ಕೊಡುವುದು ಅದರ ಉತ್ತಮ ಭಾಗದ ಬೆಲೆಯನ್ನಷ್ಟೇ. ನಮ್ಮದರಲ್ಲಿ ಅದು ಲಾಕು. ಹೀಗೆಂದು ಪಿಸ್ತೂಲನ್ನೇ ಕೀಳೆನ್ನಲು ನನಗೆ ಮನಸ್ಸಿಲ್ಲ. ಬೇಲೂರಿನ ಗುಡಿ 1117ರದ್ದು. ಸುಟ್ಟುಹೋದ ಮಹಾದ್ವಾರದ ಗೋಪುರವನ್ನು ಎರಡನೇ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ. ಅದರಿಂದ ಗುಡಿಯ ಮಾನ ಕಡಿಮೆಯಾಗಿಲ್ಲ. ಯಾವುದು ಯಾವಾಗಿನದು ಎಂದು ನಿಜ ಹೇಳಿದರೆ ಸಾಕು. ಮೋಸ ಶುರುವಾಗುವುದು ಬೆರಕೆಯನ್ನು ಅಸಲಿ ಎಂದು ಮಾರುವಲ್ಲಿ.

ಮಾರುವುದೂ ಸುಲಭವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಬಂದೂಕೇ. ರಿಪೇರಿ ಮಾಡಿದರೂ ಹಾರದ ಹಳೇ ಆಯುಧಕ್ಕೆ ಅದರ 45ನೇ ಕಲಂನಲ್ಲಿ ವಿನಾಯಿತಿ ಇದೆ, ಆದರೆ ನಮ್ಮದು ಅಂಥದ್ದೆಂದು ಮನೆಯಲ್ಲಿ ಕೂತು ನಾವೇ ತೀರ್ಮಾನಿಸಿಕೊಳ್ಳಬಾರದು. ನೂರು ವರ್ಷ ದಾಟಿದ್ದರೆ 1972ರ ಪುರಾವಸ್ತು ಕಾಯ್ದೆಯೂ ಬರುತ್ತದೆ. ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ನಮ್ಮ ಪಿಸ್ತೂಲು ಈಗ ವ್ಯಾಪಾರಿಯ ಬಳಿ ಠೇವಣಿಯಲ್ಲಿದೆ, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹೋಗಿದೆ. ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಗೆ ಒಪ್ಪಿಸಿ ರಸೀದಿ ತರುವ ನಮ್ಮ ಕಡೆಯ ರೈತರಿಗೆ ಇದೇನೂ ಹೊಸ ದಾರಿಯಲ್ಲ.

ನಿಮ್ಮ ಅಟ್ಟದಲ್ಲೂ ಇಂಥದ್ದಿದ್ದರೆ ಠಾಣೆಗೆ ತಿಳಿಸಿ, ಅಜ್ಜಿಯಂದಿರು ಹೇಳುವ ಕಥೆಯನ್ನು ಬರೆದಿಡಿ. ಹುಣಸೆಹಣ್ಣು, ಉಪ್ಪುಕಾಗದ ಹಚ್ಚಿ ಮಾತ್ರ ಉಜ್ಜಬೇಡಿ. ತುಕ್ಕಿನ ಜೊತೆ ಮುದ್ರೆಯೂ ಹೋದರೆ ಅದರ ವಯಸ್ಸನ್ನು ಆಮೇಲೆ ಯಾರೂ ಹೇಳಲಾರರು.