ಮನೆಗೆ ಬಂದ ಮೊಬೈಲು: ಸಂಘದ ಸಭೆಗೊಂದು ಪಾಠ



ನಮ್ಮ ಸ್ವಸಹಾಯ ಸಂಘಗಳು ಪ್ರಾರಂಭವಾದ ಕಾಲದಲ್ಲಿ ಸದಸ್ಯೆಯರು ಮೊದಲು ಕಲಿತದ್ದು ಸಹಿ ಹಾಕುವುದನ್ನು. ಹೆಬ್ಬೆಟ್ಟು ಒತ್ತುತ್ತಿದ್ದ ಎಷ್ಟೋ ಮಂದಿ ಬ್ಯಾಂಕಿಗೆ ಹೋಗಿ ಮ್ಯಾನೇಜರರ ಮುಂದೆ ತಮ್ಮ ಹೆಸರನ್ನು ತಾವೇ ಬರೆದರು. ಸಹಿ ಕಲಿಸಿದ ಕಾರ್ಯಕರ್ತೆಯರು ಇನ್ನೊಂದು ಮಾತನ್ನೂ ಹೇಳಿಕೊಟ್ಟಿದ್ದರು: ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ, ಓದದ ಕಾಗದಕ್ಕೆ ಸಹಿ ಹಾಕಬೇಡಿ, ಗಂಡ ಹೇಳಿದರೂ ಸರಿ, ಅಣ್ಣ ಹೇಳಿದರೂ ಸರಿ. ಆ ಮಾತು ಇವತ್ತಿಗೂ ಬೇಕು. ಯಾಕೆಂದರೆ ಈಗ ಸಹಿಯ ಕೆಲಸವನ್ನು ಮೊಬೈಲಿನ ಪಿನ್ ಮಾಡುತ್ತದೆ. ಫೋನಿನಲ್ಲಿ ನಾಲ್ಕು ಅಥವಾ ಆರು ಅಂಕಿ ಒತ್ತಿದಿರಿ ಅಂದರೆ ಚೆಕ್ಕಿಗೆ ಸಹಿ ಹಾಕಿ ಕೊಟ್ಟ ಹಾಗೇ.

ಮೊಬೈಲು ಕೆಟ್ಟದ್ದು ಅಂತ ಹೇಳಲು ಈ ಪಾಠ ಬರೆದದ್ದಲ್ಲ. ಪಹಣಿ ನೋಡಬೇಕಾದರೆ ತಾಲ್ಲೂಕು ಕಚೇರಿಗೆ ಒಂದು ದಿನದ ಕೂಲಿ ಬಿಟ್ಟು ಹೋಗಬೇಕಿತ್ತು, ಈಗ ಮನೆಯಲ್ಲೇ ನೋಡಬಹುದು. ದುಬೈಯಲ್ಲಿರುವ ಮಗನ ಮುಖ ದಿನಾ ಕಾಣುತ್ತದೆ. ಹಪ್ಪಳ, ಉಪ್ಪಿನಕಾಯಿ ಮಾಡುವ ಸಂಘದವರಿಗೆ ಊರ ಹೊರಗಿನ ಗಿರಾಕಿ ಸಿಕ್ಕಿದ್ದಾರೆ. 2014ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ ಪೋಪ್ ಫ್ರಾನ್ಸಿಸ್‌ರವರು ಅಂತರ್ಜಾಲವನ್ನು ದೇವರ ಕೊಡುಗೆ ಎಂದೇ ಕರೆದಿದ್ದರು. ಆದರೆ ಮನೆಗೆ ಬಂದ ವಸ್ತುವನ್ನು ಬಳಸುವ ಕ್ರಮ ಮನೆಯ ಹೆಂಗಸಿಗೆ ಗೊತ್ತಿರಬೇಕು. ಗ್ಯಾಸ್ ಸಿಲಿಂಡರ್ ಬಂದಾಗಲೂ ನಾವು ಹೆದರಿದ್ದೆವು, ಆಮೇಲೆ ರೆಗ್ಯುಲೇಟರ್ ತಿರುಗಿಸಲು ಕಲಿತೆವು, ಅಲ್ವಾ?

ಹಣ ಬರಲಿಕ್ಕೆ ಪಿನ್ ಬೇಡ

ಫೋನಿನಿಂದ ಫೋನಿಗೆ ಹಣ ಕಳುಹಿಸುವ ಯು.ಪಿ.ಐ. ಪದ್ಧತಿ 2016ರಲ್ಲಿ ಬಂತು. ಗೂಗಲ್ ಪೇ, ಫೋನ್ ಪೇ, ಪೇಟಿಎಂ ಎಲ್ಲವೂ ಇದರ ಮೇಲೆಯೇ ನಡೆಯುವುದು. ಇದರಲ್ಲಿ ಒಂದೇ ಒಂದು ವಿಷಯ ಮನಸ್ಸಿಗೆ ಹತ್ತಿದರೆ ಅರ್ಧ ಮೋಸ ತಪ್ಪುತ್ತದೆ. ಹಣ ಕಳುಹಿಸಲು ಪಿನ್ ಬೇಕು, ಖಾತೆಯಲ್ಲಿ ಎಷ್ಟಿದೆ ನೋಡಲು ಪಿನ್ ಬೇಕು. ಹಣ ನಿಮಗೆ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ, ಕ್ಯೂ.ಆರ್. ಚೌಕವನ್ನು ನೀವು ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ.

ಹಳೇ ಹೊಲಿಗೆ ಯಂತ್ರ ಮಾರಬೇಕೆಂದು ನೀವು ಫೋನಿನಲ್ಲಿ ಫೋಟೋ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ ಕರೆ ಬರುತ್ತದೆ. “ಅಕ್ಕಾ, ನಾನು ಮಿಲಿಟರಿಯಲ್ಲಿದ್ದೇನೆ, ಬಂದು ನೋಡಲು ರಜೆ ಇಲ್ಲ, ನೀವು ಹೇಳಿದ ರೇಟೇ ಕೊಡ್ತೇನೆ.” ಚೌಕಾಸಿಯೇ ಮಾಡದ ಗಿರಾಕಿ! ಅಲ್ಲೇ ಅನುಮಾನ ಬರಬೇಕು. ನಂತರ ಅವನು ಒಂದು ಕ್ಯೂ.ಆರ್. ಚಿತ್ರ ಕಳುಹಿಸಿ, “ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬೀಳ್ತದೆ” ಅನ್ನುತ್ತಾನೆ. ಪಿನ್ ಹಾಕಿದ ಕೂಡಲೇ ನಿಮ್ಮ ಖಾತೆಯಿಂದ ಹಣ ಹೋಯಿತು. “ಅಯ್ಯೋ ತಪ್ಪಾಯ್ತು ಅಕ್ಕಾ, ಇನ್ನೊಮ್ಮೆ ಮಾಡಿ, ಎರಡೂ ಸೇರಿ ವಾಪಸ್ ಬರ್ತದೆ” ಅನ್ನುತ್ತಾನೆ. ಗಾಬರಿಯಲ್ಲಿ ಎರಡನೇ ಸಲವೂ ಹಾಕುವವರಿದ್ದಾರೆ.

ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೊಡಿ’ ಎಂದು ಕೋರಿಕೆ ಕಳುಹಿಸುವ ಸೌಲಭ್ಯವನ್ನು ಇಂಥ ಮೋಸದ ಕಾರಣಕ್ಕೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಆದರೆ ಕ್ಯೂ.ಆರ್. ಆಟ ನಿಂತಿಲ್ಲ.

ಇದರ ತಮ್ಮನೊಬ್ಬನಿದ್ದಾನೆ. “ನಿಮ್ಮ ಮನೆಯವರಿಗೆ 5,000 ಕೊಡಬೇಕಿತ್ತು, ಕೈತಪ್ಪಿ 50,000 ಹಾಕಿದೆ, ಉಳಿದದ್ದು ವಾಪಸ್ ಕಳಿಸಿ, ಆಸ್ಪತ್ರೆಯಲ್ಲಿದ್ದೇನೆ.” ಹಣ ಬಂದ ಹಾಗೆ ಒಂದು ಮೆಸೇಜು ಕೂಡ ಇರುತ್ತದೆ. ಆ ಮೆಸೇಜನ್ನು ಅವನೇ ಬರೆದದ್ದು. ಮೆಸೇಜು ನಂಬಬೇಡಿ, ಖಾತೆಯಲ್ಲಿ ನಿಜವಾಗಿ ಹಣ ಇದೆಯೇ ನೋಡಿ. ಇದ್ದರೂ ನೀವಾಗಿ ಕಳುಹಿಸದೆ, “ನಿನ್ನ ಬ್ಯಾಂಕಿಗೆ ಹೇಳಪ್ಪಾ, ನಾನೂ ನನ್ನ ಬ್ಯಾಂಕಿಗೆ ಹೇಳ್ತೇನೆ” ಅನ್ನಿ.

ಪಿನ್ ಯಾರಿಗೆ ಗೊತ್ತಿರಬೇಕು? ನಿಮಗೆ ಮಾತ್ರ. ಇದನ್ನು ಹೇಳಿದರೆ ಸಭೆಯಲ್ಲಿ ನಗು ಏಳುತ್ತದೆ, ಯಾಕೆಂದರೆ ಅನೇಕ ಮನೆಗಳಲ್ಲಿ ಹೆಂಡತಿಯ ಪಿನ್ ಗಂಡನಿಗೆ, ಮಗನಿಗೆ, ಮಗನ ಸ್ನೇಹಿತನಿಗೂ ಗೊತ್ತು. ಗಂಡನ ಮೇಲೆ ಅನುಮಾನ ಪಡಿ ಅಂತಲ್ಲ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗ ಹಣವನ್ನು ಮನೆಯ ಯಜಮಾನಿಯ ಖಾತೆಗೇ ಹಾಕಲು ಒಂದು ಕಾರಣ ಇತ್ತು. ಖಾತೆ ಅವಳ ಹೆಸರಲ್ಲಿ, ಪಿನ್ ಬೇರೆಯವರ ಕೈಯಲ್ಲಿ ಆದರೆ ಆ ಕಾರಣಕ್ಕೆ ಏನು ಬೆಲೆ ಬಂತು? ಸಂಘದ ಪ್ರತಿನಿಧಿಗಳಂತೂ ಈ ವಿಷಯದಲ್ಲಿ ಗಟ್ಟಿಯಾಗಿರಬೇಕು. ಸಂಘದ ಹಣ ಮನೆಯ ಹಣವಲ್ಲ. ಸದಸ್ಯೆಯರ ಕಂತನ್ನು ಪ್ರತಿನಿಧಿಯ ಸ್ವಂತ ಖಾತೆಗೆ ಫೋನಿನಲ್ಲಿ ಕಳುಹಿಸಿಕೊಳ್ಳುವ ಅಭ್ಯಾಸ ಕೆಲವು ಕಡೆ ಬಂದಿದೆ. ಅನುಕೂಲವೇ ಸರಿ, ಆದರೆ ಒಂದು ದಿನ ಅವಳ ಖಾತೆಗೆ ಮೋಸವಾದರೆ ಇಡೀ ಸಂಘದ ಉಳಿತಾಯ ಹೋಗುತ್ತದೆ. ಕಂತು ಸಂಘದ ಖಾತೆಗೇ ಹೋಗಲಿ, ನಿರ್ಣಯ ಪುಸ್ತಕದಲ್ಲಿ ದಾಖಲಾಗಲಿ.

ಹೆದರಿಸುವ ಕರೆ

ಆಸೆ ತೋರಿಸಿ ಮೋಸ ಮಾಡುವವರು ಒಂದು ಕಡೆ, ಹೆದರಿಸಿ ಮೋಸ ಮಾಡುವವರು ಇನ್ನೊಂದು ಕಡೆ. “ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಾವು ಮುಂಬಯಿ ಪೊಲೀಸರು, ಸಿ.ಬಿ.ಐ.ನವರು” ಎಂದು ವಿಡಿಯೋ ಕರೆ ಮಾಡುತ್ತಾರೆ. ಹಿಂದೆ ಠಾಣೆಯ ಹಾಗೆ ಪರದೆ, ಮೈಮೇಲೆ ಯೂನಿಫಾರ್ಮು. ಕರೆ ಕಡಿಯಬಾರದು, ಮನೆಯವರಿಗೂ ಹೇಳಬಾರದು, ಇದು ಡಿಜಿಟಲ್ ಅರೆಸ್ಟ್ ಅನ್ನುತ್ತಾರೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಇಂಥದೊಂದು ಕರೆಯ ಧ್ವನಿಯನ್ನು ಕೇಳಿಸಿದರು. ಅದನ್ನು ದಾಖಲಿಸಿಕೊಂಡವರು ನಮ್ಮ ವಿಜಯಪುರದವರೇ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ, ಯಾವ ಪೊಲೀಸನೂ ಫೋನಿನಲ್ಲಿ ಬಂಧಿಸುವುದಿಲ್ಲ, ವಿಚಾರಣೆಗೆಂದು ಹಣ ವರ್ಗಾಯಿಸಲು ಹೇಳುವುದಿಲ್ಲ ಎಂದು ಅಂದೇ ಹೇಳಲಾಯಿತು.

ಆದರೂ ನಿಂತಿಲ್ಲ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ವಯಸ್ಸಾದ ದಂಪತಿ ಇಂಥ ಬೆದರಿಕೆಗೆ ಸಿಕ್ಕಿ ಲಕ್ಷಗಟ್ಟಲೆ ಹಣ ಕಳೆದುಕೊಂಡು, ಕೊನೆಗೆ ಜೀವವನ್ನೇ ಕಳೆದುಕೊಂಡರು. ಒಂಟಿಯಾಗಿರುವ ಹಿರಿಯರು ನಮ್ಮ ಪ್ರತಿ ವಾರ್ಡಿನಲ್ಲೂ ಇದ್ದಾರೆ, ಮಕ್ಕಳು ಪರವೂರಿನಲ್ಲಿ. ಅವರ ಮನೆಗೆ ಹೋಗಿ ಹತ್ತು ನಿಮಿಷ ಕುಳಿತು ಈ ವಿಷಯ ಹೇಳಿ ಬರುವುದು ಸಂಘದವರಿಗೆ ದೊಡ್ಡ ಕೆಲಸವಲ್ಲ. “ಯಾರಿಗೂ ಹೇಳಬೇಡ ಅಂತ ಫೋನಿನಲ್ಲಿ ಯಾರಾದರೂ ಹೇಳಿದರೆ, ಮೊದಲು ನನಗೇ ಹೇಳಿ ಬಾಯಮ್ಮಾ” ಅಂದು ನಿಮ್ಮ ನಂಬರು ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದು ಬನ್ನಿ.

ಹೆಬ್ಬೆಟ್ಟು, ಆ್ಯಪು ಮತ್ತು ಸಾಲ

ಫೋನೇ ಇಲ್ಲದವರಿಗೆ ಭಯವಿಲ್ಲ ಅಂದುಕೊಳ್ಳಬೇಡಿ. ಆಧಾರ್ ಮತ್ತು ಹೆಬ್ಬೆಟ್ಟಿನಿಂದ ಹಣ ತೆಗೆಯುವ ವ್ಯವಸ್ಥೆ ಇದೆ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಯಿಂದ ಅವರಿಗೆ ಗೊತ್ತಿಲ್ಲದೆ ಹೀಗೆ ಹಣ ಹೋಯಿತು. ಪತ್ರದ ಮೇಲಿನ ಬೆರಳಚ್ಚನ್ನು ನಕಲು ಮಾಡಿದ್ದರು. ಆಧಾರ್‌ನ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು, ವಿವರಕ್ಕೆ 1947ಕ್ಕೆ ಕರೆ ಮಾಡಿ. ಒಂದು ಮಾತು ನೆನಪಿರಲಿ, ಬೀಗ ಹಾಕಿದ ಮೇಲೆ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಅಂಗಡಿಗೆ ಹೋಗುವ ದಿನ ಬೀಗ ತೆಗೆದು, ಮನೆಗೆ ಬಂದು ಮತ್ತೆ ಹಾಕಬೇಕು.

ಇನ್ನು ಮದುವೆ ಕಾಗದ, ಟ್ರಾಫಿಕ್ ದಂಡ, ಸರಕಾರಿ ಯೋಜನೆ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಕಡತಗಳು. ಹೆಸರಿನ ಕೊನೆಯಲ್ಲಿ ಎ.ಪಿ.ಕೆ. ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಕಾಗದವಲ್ಲ, ಆ್ಯಪು. ಒತ್ತಿ ಒಳಗೆ ಬಿಟ್ಟುಕೊಂಡರೆ ನಿಮಗೆ ಬರುವ ಓ.ಟಿ.ಪಿ.ಯನ್ನು ಅದು ಅವನಿಗೆ ದಾಟಿಸಬಹುದು. ಗುರುತಿನವರ ನಂಬರಿನಿಂದ ಬಂದರೂ ಒಂದು ಫೋನ್ ಮಾಡಿ ಕೇಳಿ, ಅವರ ವಾಟ್ಸಾಪೇ ಕಳವಾಗಿರಬಹುದು. ನಿಮ್ಮ ವಾಟ್ಸಾಪ್ ಕಳವಾಗದಿರಲು ಸೆಟ್ಟಿಂಗ್ಸ್‌ನ ಅಕೌಂಟ್ ಭಾಗದಲ್ಲಿ ಎರಡು ಹಂತದ ಬೀಗ ಇದೆ. ಹತ್ತನೇ ತರಗತಿ ಓದುವ ಮಗಳು ಎರಡು ನಿಮಿಷದಲ್ಲಿ ಹಾಕಿಕೊಡುತ್ತಾಳೆ, ಅಂಕಿ ಮಾತ್ರ ನೀವೇ ಒತ್ತಿ.

ಸಾಲದ ಆ್ಯಪುಗಳ ವಿಷಯಕ್ಕೆ ಸ್ವಲ್ಪ ಲೆಕ್ಕ ಹಾಕೋಣ. 5,000 ಸಾಲ ಅಂತ ಹೇಳಿ, ಶುಲ್ಕ ಮುರಿದುಕೊಂಡು 3,500 ಕೈಗೆ ಕೊಟ್ಟು, ಏಳೇ ದಿನದಲ್ಲಿ 5,000 ಕಟ್ಟು ಅನ್ನುವುದು ಕಳ್ಳ ಆ್ಯಪುಗಳ ರೀತಿ. ವಾರಕ್ಕೆ 1,500 ಬಡ್ಡಿ ಆಯಿತು. ನಮ್ಮ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಹಿಡಿದರೂ 5,000ಕ್ಕೆ ಬಡ್ಡಿ 100 ರೂಪಾಯಿ. ಹಾಗಿದ್ದೂ ಸದಸ್ಯೆಯರು ಆ್ಯಪಿಗೆ ಯಾಕೆ ಹೋಗುತ್ತಾರೆ? ಸಭೆಯಲ್ಲಿ ಎಲ್ಲರೆದುರು ಕೇಳಲು ನಾಚಿಕೆ, ಹಳೇ ಸಾಲ ಬಾಕಿ ಇದೆ, ಮಗುವಿನ ಫೀಸು ನಾಳೆಯೇ ಕಟ್ಟಬೇಕು. ಈ ಪ್ರಶ್ನೆಗೆ ಸಂಘವೇ ಉತ್ತರ ಹುಡುಕಬೇಕು. ತುರ್ತು ಸಾಲಕ್ಕೆಂದು ಒಂದು ಚಿಕ್ಕ ನಿಧಿಯನ್ನು ಬೇರೆ ಇಟ್ಟರೆ ಹೇಗೆ ಎಂದು ಯೋಚಿಸಿ.

ಆ್ಯಪು ಹಾಕಿಕೊಳ್ಳುವಾಗ ಅದು ಫೋನಿನ ನಂಬರುಗಳನ್ನೂ ಫೋಟೋಗಳನ್ನೂ ನೋಡಲು ಅನುಮತಿ ಕೇಳುತ್ತದೆ. ಕೊಟ್ಟರೆ ಆಮೇಲೆ ನೆಂಟರಿಗೆಲ್ಲಾ ಫೋನ್, ತಿರುಚಿದ ಕೆಟ್ಟ ಫೋಟೋಗಳು. ಸಾಲದ ಆ್ಯಪುಗಳು ಇವನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಸಾಲ ವಸೂಲಿಗೆ ಕಿರುಕುಳ ಕೊಡುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಹಾಗಾಗಿ ಬೆದರಿಕೆ ಬಂದರೆ ಇನ್ನೊಂದು ಸಾಲ ಮಾಡಿ ಕಟ್ಟಲು ಹೋಗದೆ ಠಾಣೆಗೆ ಹೋಗಿ.

ಮಕ್ಕಳ ವಿಷಯ

ಪ್ರಥಮ ಪರಮಪ್ರಸಾದದ ದಿನ ಮಗುವಿನ ಫೋಟೋ ಸ್ಟೇಟಸ್‌ನಲ್ಲಿ ಹಾಕುವುದು ಸಂತೋಷದ ವಿಷಯ. ಜೊತೆಗೆ ಶಾಲೆಯ ಹೆಸರು, ಮನೆಯ ವಿಳಾಸ ಬೇಡ. ಮಗಳು ಫೋನ್ ನೋಡಿ ಮಂಕಾಗಿ ಕುಳಿತಿದ್ದರೆ, ರಾತ್ರಿ ಮೆಸೇಜು ಬಂದಾಗ ಬೆಚ್ಚಿಬಿದ್ದರೆ, ಬೈಯುವ ಮೊದಲು ಪಕ್ಕದಲ್ಲಿ ಕೂತು ಕೇಳಿ. ಫೋನ್ ಕಸಿದುಕೊಳ್ಳುತ್ತಾರೆ ಎಂಬ ಹೆದರಿಕೆಯಿಂದಲೇ ಮಕ್ಕಳು ಬಾಯಿ ಬಿಡುವುದಿಲ್ಲ. ಯಾರಾದರೂ ಮಗುವಿನ ಫೋಟೋ ಇಟ್ಟುಕೊಂಡು ಬೆದರಿಸುತ್ತಿದ್ದರೆ ಆ ಮೆಸೇಜುಗಳನ್ನು ಅಳಿಸಬೇಡಿ, ಅದೇ ಸಾಕ್ಷಿ. ಮಕ್ಕಳ ಸಹಾಯವಾಣಿ 1098. ಹೆಂಗಸರು ಮತ್ತು ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಕೇಂದ್ರ ಸರಕಾರದ ಸೈಬರ್ ಅಪರಾಧ ವೆಬ್‌ಸೈಟಿನಲ್ಲಿ ಹೆಸರು ಹೇಳದೆಯೂ ಕೊಡಬಹುದು.

ಹಣ ಹೋಯಿತು, ಈಗ?

ಮೊದಲ ಕೆಲಸ 1930ಕ್ಕೆ ಕರೆ. ಗಂಡ ಮನೆಗೆ ಬರಲಿ, ಸೋಮವಾರ ಬ್ಯಾಂಕ್ ತೆರೆಯಲಿ ಎಂದು ಕಾಯಬೇಡಿ. ಕಳ್ಳನ ಖಾತೆಗೆ ಹೋದ ಹಣ ಅಲ್ಲಿಂದ ಬೇರೆ ಬೇರೆ ಖಾತೆಗೆ ಹಾರುತ್ತಾ ಹೋಗುತ್ತದೆ. ಹಾರುವ ಮೊದಲು ದೂರು ಮುಟ್ಟಿದರೆ ಅಲ್ಲೇ ತಡೆಹಿಡಿಯುವ ವ್ಯವಸ್ಥೆ ಇದೆ. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ನಂಬರು, ಎಷ್ಟು ಹಣ, ಎಷ್ಟು ಗಂಟೆಗೆ, ವ್ಯವಹಾರದ ನಂಬರು ಕೈಯಲ್ಲಿರಲಿ. ಆಮೇಲೆ ಬ್ಯಾಂಕಿಗೆ ತಿಳಿಸಿ ಖಾತೆಗೆ ತಡೆ ಹಾಕಿಸಿ. ಜಿಲ್ಲೆಯಲ್ಲಿ ಸಿ.ಇ.ಎನ್. ಪೊಲೀಸ್ ಠಾಣೆ ಇದೆ, ದೂರವಾದರೆ ಹತ್ತಿರದ ಠಾಣೆಗೇ ಹೋಗಿ.

ಇಷ್ಟು ಸುಲಭದ ಕೆಲಸ ಯಾಕೆ ತಡವಾಗುತ್ತದೆ ಅಂದರೆ, ಹೆಂಗಸು ಮೊದಲು ಅಳುತ್ತಾಳೆ, ಆಮೇಲೆ ಮುಚ್ಚಿಡುತ್ತಾಳೆ. “ನಿನಗೆ ಫೋನ್ ಯಾಕೆ ಬೇಕಿತ್ತು” ಅನ್ನುವ ಮಾತಿಗೆ ಹೆದರಿ ಕಿವಿಯ ಓಲೆ ಅಡವಿಟ್ಟು ಆ ಜಾಗ ತುಂಬಿಸಲು ನೋಡುತ್ತಾಳೆ. ಬ್ಯಾಂಕ್ ಅಧಿಕಾರಿಗಳು, ಇಂಜಿನಿಯರುಗಳು, ಡಾಕ್ಟರುಗಳು ಕೂಡ ಈ ಮೋಸಕ್ಕೆ ಸಿಕ್ಕಿದ್ದಾರೆ. ದಡ್ಡತನದ ಪ್ರಶ್ನೆಯೇ ಅಲ್ಲ. ಸಭೆಯಲ್ಲಿ ಒಬ್ಬಳು ಎದ್ದು “ನನಗೆ ಹೀಗಾಯ್ತು” ಅಂದಾಗ ಉಳಿದವರು ನಕ್ಕರೆ ಮುಂದಿನವಳು ಬಾಯಿ ಬಿಡುವುದಿಲ್ಲ. ಪ್ರೇರಕಿಯರು ಇದನ್ನು ಗಮನಿಸಬೇಕು.

ಮುಂದಿನ ಸಭೆಗೆ

ಫೋನ್ ಇರುವವರೆಲ್ಲಾ ತನ್ನಿ. ‘ಸಂಚಾರ ಸಾಥಿ’ಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಒಟ್ಟಿಗೆ ನೋಡಿ, ನಿಮ್ಮದಲ್ಲದ್ದು ಇದ್ದರೆ ಅಲ್ಲೇ ದೂರು ಹಾಕಿ. ಪಿನ್ ಬೇರೆಯವರಿಗೆ ಗೊತ್ತಿದ್ದರೆ ಅಂದೇ ಬದಲಾಯಿಸಿ. 1930 ಎಂಬ ನಂಬರನ್ನು ಪ್ರತಿಯೊಬ್ಬರ ಫೋನಿನಲ್ಲಿ ಉಳಿಸಿ, ಸಂಘದ ಪಾಸ್‌ಪುಸ್ತಕದ ಹೊದಿಕೆಯ ಒಳಗೂ ಬರೆಯಿರಿ. ನಂತರ ಈ ಎರಡು ಪ್ರಶ್ನೆಗಳನ್ನು ಚರ್ಚಿಸಿ ನಿರ್ಣಯ ಬರೆಯಿರಿ: ನಮ್ಮ ಸಂಘದಲ್ಲಿ ತುರ್ತು ಸಾಲವನ್ನು ಒಂದೇ ದಿನದಲ್ಲಿ ಕೊಡಲು ಏನು ಮಾಡಬಹುದು? ನಮ್ಮ ಊರಿನಲ್ಲಿ ಒಂಟಿಯಾಗಿರುವ ಹಿರಿಯರು ಯಾರ್ಯಾರು, ಅವರ ಮನೆಗೆ ಯಾರು ಹೋಗುತ್ತೀರಿ?