ಸಸ್ಯಾಹಾರಿ ಮನೆಯ ಫೆರೆಟ್

ಟೆಕ್ಸಾಸ್‌ನ ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸುತ್ತಿರಲಿಲ್ಲ. ಮಗಳು ಹಟ ಮಾಡಿ ಫೆರೆಟ್ ತಂದ ಮೇಲೆ ಫ್ರಿಜ್ಜಿನ ಕೆಳಗಿನ ಅರೆ ಕೋಳಿಮಾಂಸದ ಪಾಲಾಯಿತು. ನಾಯಿಯಾದರೆ ಮೊಸರನ್ನಕ್ಕೆ ಒಗ್ಗಿಕೊಂಡೀತು; ಇದರದ್ದು ಅಪ್ಪಟ ಮಾಂಸಾಹಾರಿಯ ಗಿಡ್ಡ ಕರುಳು. ತಿಂದದ್ದು ಮೂರು-ನಾಲ್ಕು ಗಂಟೆಯೊಳಗೆ ಹೊರಗೆ. ಹಾಗಾಗಿ ಬಟ್ಟಲು ಹಗಲೂ ರಾತ್ರಿ ತುಂಬಿರಬೇಕು. ಹಾಗಾಗಿ ಬಟ್ಟಲು ಹಗಲೂ ರಾತ್ರಿ ತುಂಬಿರಬೇಕು.

ವಿಡಿಯೋ ಕಾಲ್‌ನಲ್ಲಿ ಕಂಡ ಅತ್ತೆ, "ಏನೇ ಅದು, ಮುಂಗುಸಿ ಸಾಕಿದೀಯಾ?" ಎಂದರು. ನೋಟಕ್ಕೆ ಹಾಗೇ ಇದ್ದರೂ ಇದು ನೀರುನಾಯಿಯ ಬಳಗ. ಯುರೋಪಿನಲ್ಲಿ ಬಿಲದಿಂದ ಮೊಲ ಓಡಿಸಲು ಪಳಗಿಸಿದ ಪ್ರಾಣಿ. ಬಿಲ ಹೋಯಿತು, ಚಾಳಿ ಉಳಿಯಿತು: ತಲೆ ತೂರಿದಲ್ಲೆಲ್ಲ ಮೈಯೂ ತೂರುತ್ತದೆ. ಒಮ್ಮೆ ಸೋಫಾ ಸರಿಸಿದರೆ ಅದರ ಹಿಂದೆ ಒಂಟಿ ಕಾಲುಚೀಲಗಳು, ಕಾರಿನ ಕೀ, ಅರ್ಧ ಕಡಿದ ಎರೇಸರ್, ಗುಂಡಿಗಳಿಲ್ಲದ ರಿಮೋಟ್. ಕದಿಯುವುದು ತಮಾಷೆಯೇ, ರಬ್ಬರ್ ನುಂಗಿದರೆ ಮಾತ್ರ ಕರುಳು ಕಟ್ಟಿಕೊಂಡು ಆಪರೇಷನ್ನಿನವರೆಗೆ ಹೋಗುತ್ತದೆ. ಬಾತ್‌ರೂಮ್ ಚಪ್ಪಲಿಯನ್ನೂ ಮೇಲೆತ್ತಿಡುವ ಮನೆ ನಮ್ಮದು.

ವಾಸನೆ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಸ್ನಾನ ಹೆಚ್ಚು ಮಾಡಿಸಿದಷ್ಟೂ ಚರ್ಮ ಎಣ್ಣೆ ಬಿಟ್ಟು ಇನ್ನಷ್ಟು ನಾರುತ್ತದೆ. ಅದರ ಹಾಸಿಗೆ ಬಟ್ಟೆ ಒಗೆಯುವುದೇ ಸರಿಯಾದ ದಾರಿ. ಸೆಕೆ ತಡೆಯದು, 30 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ರಾಣಕ್ಕೇ ಕುತ್ತು. ಇಲ್ಲಿಯ ಜುಲೈನಲ್ಲಿ ಕರೆಂಟ್ ಹೋದರೆ ಮೊದಲು ಓಡುವುದು ಟವೆಲ್ ಸುತ್ತಿದ ಐಸ್ ಬಾಟಲಿ ಹಿಡಿದು ಅದರ ಗೂಡಿನತ್ತ. ನಮ್ಮ ಫ್ಲೂ ಕೂಡ ಅದಕ್ಕೆ ಅಂಟುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಪತ್ತೆಹಚ್ಚಿದ್ದೇ ಫೆರೆಟ್‌ಗಳಿಗೆ ಸೋಂಕು ತಗುಲಿಸಿ. ಯಾರಿಗಾದರೂ ಶೀತ-ಜ್ವರ ಬಂದರೆ ಅದನ್ನು ಎತ್ತಿಕೊಳ್ಳುವಂತಿಲ್ಲ.

ವಯಸ್ಸಾಗುತ್ತಿದ್ದಂತೆ ನಿದ್ದೆ ಹೆಚ್ಚಿತು. ದಿನಕ್ಕೆ ಹದಿನಾಲ್ಕು ಗಂಟೆ ಮಲಗುವ ಪ್ರಾಣಿಯ ಸೋಮಾರಿತನವನ್ನು ಯಾರು ಅಳೆಯುತ್ತಾರೆ? ಆದರೆ ಒಂದು ಬೆಳಿಗ್ಗೆ ಹಿಂಗಾಲು ಎಳೆಯುತ್ತ, ಜೊಲ್ಲು ಸುರಿಸುತ್ತ, ಎತ್ತಲೋ ನೋಡುತ್ತ ನಿಂತುಬಿಟ್ಟಿತು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಇನ್ಸುಲಿನ್ ವಿಪರೀತವಾಗಿ ಸುರಿದು ರಕ್ತದ ಸಕ್ಕರೆ ಕುಸಿದಿತ್ತು. ನಡುವಯಸ್ಸು ದಾಟಿದ ಫೆರೆಟ್‌ಗಳಿಗೆ ಇದು ಇಲ್ಲಿ ಮಾಮೂಲು ಕಾಯಿಲೆಯಂತೆ. ಹೀಗಾದಾಗ ವಸಡಿಗೆ ಚೂರು ಜೇನು ಸವರಿ, ಚೇತರಿಸಿಕೊಂಡೊಡನೆ ಮಾಂಸ ತಿನ್ನಿಸಿ ಕರೆತನ್ನಿ ಎಂದರು ಡಾಕ್ಟರು.

ಈಗ ದಿನಕ್ಕೆರಡು ಸಲ ಪ್ರೆಡ್ನಿಸೋಲೋನ್. ಕಹಿ ಔಷಧಿ, ಕೋಳಿ ಸಾರಿನಲ್ಲಿ ಬೆರೆಸಿ ಸಿರಿಂಜಿನಿಂದ ಬಾಯಿಯ ಪಕ್ಕಕ್ಕೆ ಬಿಡಬೇಕು. ಮಗಳು ಆಸ್ಟಿನ್‌ನಲ್ಲಿ ಕಾಲೇಜು ಓದುತ್ತಿದ್ದಾಳೆ. ಸಾರು ಕುದಿಸುವವಳು ನಾನೇ.